ಒಂದು ದಬ್ಬೆ ಕಮ್ಮಿ

ಛಾವ್‌ನಿ, ಆ ಮಣ್ಣಿಗೆ ಇನ್ನೊಂದು ಹಿಡಿ ಹತ್ತಿ ಕಲಸು.
ಗೋಧಿಹುಲ್ಲು ಸಾಕು, ಅದು ಒಳಮೈಗೆ.
ಬೆರಳಿಗೆ ಹತ್ತಿಯೇ ಬೇಕು, ಇಲ್ಲದಿದ್ದರೆ
ಚಳಿಗಾಲ ಕಳೆಯುವುದರೊಳಗೆ ಬಿರಿಯುತ್ತದೆ.
ಈ ದೊರೆಮಗನ ಎಡಗೈಯನ್ನು
ನಾನು ಮಾಡುತ್ತಿರುವುದು ಇದು ಮೂರನೇ ಸಲ.

ನಡುವೆ ಸಿಡಿಲ ದೇವರು, ಹಣದ ದೇವರು,
ಹುಲಿಯ ಮೇಲೆ ಕೂತವನು. ಇವನು ಮೂಲೆಯಲ್ಲಿ,
ಪೊರಕೆಯ ಪಕ್ಕ.
ಯುದ್ಧ ಮುಗಿದು, ಸತ್ತವರಿಗೆಲ್ಲ ಮೇಲೆ ಹುದ್ದೆ ಹಂಚಿದ ದಿನ
ಕೊಂದವನಿಗೂ ಒಂದು ನಕ್ಷತ್ರ, ಕೊಲೆಯಾದವನಿಗೂ ಒಂದು.
ಇವನ ಸರದಿ ಬರುವಾಗ ನಕ್ಷತ್ರ ಮುಗಿದಿತ್ತಂತೆ.
ಕಡವು ಕಾಯಿ, ಅಂದರಂತೆ.
ಕಾಯುತ್ತಿದ್ದಾನೆ.
ಸೇತುವೆ ಬಂದು ನಲವತ್ತು ವರ್ಷವಾಯಿತು.

ಹೆಸರು ಹುವಾನ್. ಹಿರಿಯ ಮಗ.
ಅಪ್ಪ ಗಡಿಯ ಸಾಮಂತ. ಅಳೆದು ಆಡುವವನು.
ಮಗನಿಗೆ ಕೈಯಾರೆ ಕಲಿಸಿದ್ದು ಎರಡೇ:
ಕುದುರೆಯ ಕಿವಿ ನೋಡಿ ಅದರ ಮನಸ್ಸು ತಿಳಿಯುವುದು,
ಓಲೆಗೆ ಗಂಟು ಹಾಕುವುದು.
ಎಡಕ್ಕೆ ಎರಡು ಸುತ್ತು, ಬಲಕ್ಕೆ ಒಂದು,
ತುದಿಯನ್ನು ಒಳಗೇ ನುಂಗಿಸಿಬಿಡುವುದು.
ಆ ಮನೆತನದ ಗಂಟು ಹೊರಗಿನವರ ಕೈಗೆ ಒಲಿಯುತ್ತಿರಲಿಲ್ಲ.

ರಾಜ ಕೇಳಿದ, ನಿನ್ನ ನಿಷ್ಠೆಗೆ ಏನು ಗುರುತು?
ಅಪ್ಪ ಮೂರು ರಾತ್ರಿ ದೀಪ ಆರಿಸಲಿಲ್ಲ.
ನಾಲ್ಕನೆಯ ಬೆಳಿಗ್ಗೆ
ಹದಿನೇಳು ಬಿದಿರ ದಬ್ಬೆಯ ಓಲೆಯನ್ನು ಮಗನ ಕೈಗಿಟ್ಟು
'ನೀನೇ ಮುಟ್ಟಿಸು' ಅಂದ.
ಮುಖ ನೋಡಲಿಲ್ಲ.

ಇಗೋ, ಇದೇ ವೇ ನದಿಯಲ್ಲಿ ದೋಣಿ ವಾಲಿತು.
ದಾರ ಹೊಸದು, ಹೊಸ ದಾರ ನೀರಲ್ಲಿ ಜಾರುತ್ತದೆ.
ಬಾತುಮರಿಗಳ ಹಾಗೆ ಚದುರಿದವು ದಬ್ಬೆಗಳು.
ಎದೆಮಟ್ಟ ಇಳಿದು ಒಂದೊಂದನ್ನೇ ಹಿಡಿದ,
ಒಣಗಲೆಂದು ಮರಳ ಮೇಲೆ ಸಾಲಾಗಿ ಇಟ್ಟ.
ಸಾಲಾಗಿ ಇಟ್ಟ ಮೇಲೆ ಓದದೆ ಇರುವುದು ಹೇಗೆ?

ಒಂಬತ್ತನೆಯದರಲ್ಲಿ ಇತ್ತು:
ಇದನ್ನು ತಂದವನ ತಲೆ.

ಅಂಬಿಗ ಹೇಳಿದನಂತೆ: ಒಡೆಯಾ,
ಅದೊಂದನ್ನು ಒಲೆಗೆ ಹಾಕೋಣ,
ನವಣೆಗಂಜಿ ಒಂದು ಕುದಿ ಬರಲು ಅಷ್ಟು ಸಾಕು.
ಹುವಾನ್ ಎಣಿಸುತ್ತಿದ್ದ. ಹದಿನಾರು.
ಮತ್ತೆ ಎಣಿಸಿದ.
ಕೊನೆಯದು ಇರಲಿಲ್ಲ.

ಏನಿತ್ತು ಅದರಲ್ಲಿ?
'ಆದರೆ' ಎಂದಿತ್ತು, ಅನ್ನುತ್ತಿದ್ದಳು ನನ್ನತ್ತೆ.
ಮುಂದೆ? ಅಂದರೆ, 'ಆದರೆ' ಅಂತ ಒಂದಿದ್ದರೆ ಸಾಕು,
ಮುಂದೆ ಏನಿದ್ದರೂ ಹುಡುಗ ಬದುಕುತ್ತಿದ್ದ, ಅನ್ನುವಳು.
ನನ್ನ ಗಂಡ (ಬಿಡು, ಕುಡಿದಾಗಿನ ಮಾತು)
ತಿಥಿ, ಮುದ್ರೆ, ಮತ್ತೇನಿರುತ್ತೆ ಕಾಗದದ ಕೊನೆಗೆ, ಅಂದಿದ್ದ.

ಬೈಗಿನವರೆಗೆ ನೀರಿನ ಗುಂಟ ಹುಡುಕಿದ.
ಕತ್ತಲಾದ ಮೇಲೆ ಹದಿನಾರನ್ನೂ ಜೋಡಿಸಿದ,
ಒಂಬತ್ತನೆಯದನ್ನು ಅದರ ಜಾಗದಲ್ಲೇ.
ಎಡಕ್ಕೆ ಎರಡು ಸುತ್ತು, ಬಲಕ್ಕೆ ಒಂದು.
ಅಪ್ಪನಿಗಿಂತ ಚೆನ್ನಾಗಿ ಬಂತು ಗಂಟು.
ಅರಮನೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ಯಾಕೆ ಹೋದ ಎಂದು ಕೇಳಬೇಡ.
ಗೊತ್ತಿದ್ದರೆ ಮುಖದಲ್ಲೇ ತೋರಿಸುತ್ತಿದ್ದೆ.
ಮೂವತ್ತು ವರ್ಷ ಬಣ್ಣ ಹಚ್ಚಿದ್ದೇನೆ,
ತುಟಿ ಒಂದೊಂದು ಸಲ ಒಂದೊಂದು ಥರ ಬರುತ್ತದೆ.

ತಲೆಯ ಜೊತೆ ಓಲೆಯೂ ಊರಿಗೆ ಮರಳಿತು.
ಅಪ್ಪ ತಲೆಯನ್ನು ಮುಟ್ಟುವ ಮೊದಲು ದಬ್ಬೆ ಎಣಿಸಿದ.
'ಹದಿನಾರೇ?' ಅಂದ. ಅಷ್ಟೇ.
ಮರುದಿನ ಈ ದಡದಲ್ಲಿ ಅವನನ್ನು ಕಂಡವರಿದ್ದಾರೆ,
ಕುದುರೆ ಇಲ್ಲ, ಪಾದರಕ್ಷೆ ಇಲ್ಲ,
ಜೊಂಡು ಸರಿಸಿ ಸರಿಸಿ ನೋಡುತ್ತಿದ್ದನಂತೆ.

ಹಾಂ, ಈಗ ಬೆರಳು ಮಡಿಸು. ಪೂರ್ತಿ ಮುಚ್ಚಬೇಡ.
ಒಂದು ದಬ್ಬೆ ಹಿಡಿಸುವಷ್ಟು ಸಂದಿ ಇರಲಿ.
ಶಾಲೆ ಬಿಟ್ಟ ಮಕ್ಕಳು ಅಲ್ಲಿ
ಐಸ್‌ಕ್ಯಾಂಡಿ ಕಡ್ಡಿ ಸಿಕ್ಕಿಸಿ ಓಡುತ್ತಾರೆ.
ಗದರಬೇಡ.
ಕಡ್ಡಿಯ ಮೇಲೆ ಕೆಂಪು ಬಣ್ಣ, ಹಲ್ಲಿನ ಗುರುತು, ಇರುವೆ.
ಸಂಜೆ ಗುಡಿಸುವಾಗ
ನಾನು ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ.